ಯುದ್ಧಕ್ಕೂ ಕಟ್ಟಳೆಯುಂಟೆ?

ಯುದ್ಧದ ಕಟ್ಟಳೆಗಳೆಂಬ ಮಾತನ್ನು ಕೇಳಿದೊಡನೆಯೇ ಅನೇಕರಿಗೆ ನಗೆ ಬರುವುದು ಸಹಜ. ಕೊಲ್ಲುವುದೇ ಉದ್ಯೋಗವಾಗಿರುವೆಡೆಯಲ್ಲಿ ಹೀಗೆ ಕೊಲ್ಲಬಹುದು, ಹಾಗೆ ಕೊಲ್ಲಬಾರದು ಎಂದು ವಿಧಿಸುವುದು, ಮನೆಗೆ ಬೆಂಕಿಯಿಟ್ಟವನು ಅಂಗಳದ ರಂಗವಲ್ಲಿಯನ್ನು ತುಳಿಯದಂತೆ ಎಚ್ಚರಿಕೆ ವಹಿಸಿದ ಹಾಗಲ್ಲವೆ, ಎಂದು ಅವರು ಕೇಳುತ್ತಾರೆ. ಇನ್ನು ಕೆಲವರು ಇಷ್ಟು ಕಟುವಾಗಿ ನುಡಿಯುವುದಿಲ್ಲ. ಅವರಿಗೆ ಈ ಕಟ್ಟಳೆಗಳಲ್ಲಿ ಗೌರವವುಂಟು. ಆದರೆ ಅವು ಸಾಧುಗಳಿಗೆ ಶೋಭಿಸುವುವೇ ಹೊರತು ಸೇನಾಪತಿಗಳಿಗೆ ಒದಗುವುವಲ್ಲವೆಂದು ಅವರ ಅಭಿಪ್ರಾಯ. ಧರ್ಮವನ್ನು ಹಿಡಿದವನು ಕೈಕಟ್ಟಿಸಿಕೊಂಡು ಕಾದುವವನಂತೆ ಸೋಲುತ್ತಾನೆ, ಬಿಟ್ಟವನು ಗೆಲ್ಲುತ್ತಾನೆ ಎಂಬುದು ಅವರ ಲೆಕ್ಕ.

ಈ ಎರಡು ಅಭಿಪ್ರಾಯಗಳ ಬುಡದಲ್ಲಿರುವ ನಂಬಿಕೆ ಒಂದೇ. ಕಟ್ಟಳೆಯು ಕೇವಲ ಕರುಣೆಯ ಕೂಸು. ಅದನ್ನು ಪಾಲಿಸುವವನು ಗೆಲವಿನ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದೇ ಆ ನಂಬಿಕೆ. ಇದು ನಿಜವೇ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ. ನಿಜವಾದ ಪಕ್ಷದಲ್ಲಿ ಕಟ್ಟಳೆಗಳಿಗೆ ಆಯುಸ್ಸಿಲ್ಲ. ಏಕೆಂದರೆ ತಾನು ಸೋತರೂ ಚಿಂತೆಯಿಲ್ಲವೆಂದು ಯಾವ ರಾಷ್ಟ್ರವೂ ಯುದ್ಧಕ್ಕೆ ಹೋಗುವುದಿಲ್ಲ. ಆದರೆ ಚರಿತ್ರೆಯು ಬೇರೆ ಬಗೆಯ ಸಾಕ್ಷ್ಯವನ್ನು ಕೊಡುತ್ತದೆಂದು ನಮಗೆ ತೋರುತ್ತದೆ.

ಮೊದಲು ಕಟ್ಟಳೆಗಳೆಂದರೆ ಯಾವುವು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ವಿವರಗಳು ನೂರಾರು ಇದ್ದರೂ ಅವುಗಳ ಮೂಲ ಮೂರೇ. ಕಾದಾಟವನ್ನು ನಿಲ್ಲಿಸಿದವನನ್ನು, ಎಂದರೆ ಗಾಯಗೊಂಡವನನ್ನೂ ಶರಣು ಬಂದವನನ್ನೂ ಕೊಲ್ಲಬಾರದು, ಇದು ಮೊದಲನೆಯದು. ಕಾದಾಟಕ್ಕೆ ಬಾರದೆಯೇ ಇದ್ದವರನ್ನು, ಎಂದರೆ ಬೇಸಾಯಗಾರ, ಹೆಂಗಸು, ಮಗು, ಮುದುಕ ಮುಂತಾದವರನ್ನು ಬಾಧಿಸಬಾರದು, ಇದು ಎರಡನೆಯದು. ಕಾದುವವರ ನಡುವೆಯೂ ಕೆಲವು ಆಯುಧಗಳನ್ನು ಬಳಸಬಾರದು, ಇದು ಮೂರನೆಯದು.

ಇವು ಐರೋಪ್ಯರು ನಮಗೆ ಕಲಿಸಿಕೊಟ್ಟ ಹೊಸ ಪಾಠಗಳೇನೂ ಅಲ್ಲ. ಕುರುಕ್ಷೇತ್ರದಲ್ಲಿ ಮೊದಲ ಬಾಣ ಹೊರಡುವುದಕ್ಕೆ ಮುಂಚೆ ಉಭಯಪಕ್ಷದವರೂ ಕೂಡಿ ಸಮಯವನ್ನು ಮಾಡಿಕೊಂಡರೆಂದು ಭೀಷ್ಮಪರ್ವವು ಹೇಳುತ್ತದೆ. ರಥಿಕನೊಡನೆ ರಥಿಕನೇ ಕಾದತಕ್ಕದ್ದು. ಮತ್ತೊಬ್ಬನೊಡನೆ ಹೋರಾಡುತ್ತಿರುವವನನ್ನೂ, ಬೆನ್ನು ತಿರುಗಿಸಿದವನನ್ನೂ, ಆಯುಧ ಮುರಿದವನನ್ನೂ ಹೊಡೆಯತಕ್ಕದ್ದಲ್ಲ. ಸಾರಥಿಗಳನ್ನೂ ಭೇರಿ ಶಂಖಗಳನ್ನು ನುಡಿಸುವವರನ್ನೂ ಮುಟ್ಟತಕ್ಕದ್ದಲ್ಲ. ಈ ಸಮಯವು ಎಷ್ಟು ದಿನ ನಡೆಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು ಮುರಿದ ರೀತಿಯನ್ನು ಗಮನಿಸಬೇಕು. ಅಭಿಮನ್ಯುವನ್ನು ಹಲವರು ಮುತ್ತಿ ಕೊಂದರು. ಮರುದಿನ ಸಾತ್ಯಕಿಯೊಡನೆ ಹೋರಾಡುತ್ತಿದ್ದ ಭೂರಿಶ್ರವನ ತೋಳನ್ನು ಅರ್ಜುನನು ಕತ್ತರಿಸಿದನು. ಆಕ್ಷೇಪ ಬಂದಾಗ ಅಭಿಮನ್ಯುವಿನ ಮರಣವನ್ನು ಎತ್ತಿ ತೋರಿಸಿದನು. ರಥದ ಗಾಲಿ ಹೂತುಹೋದಾಗ ಧರ್ಮವನ್ನು ನೆನಪಿಸಿದ ಕರ್ಣನಿಗೂ ಅದೇ ಉತ್ತರ ದೊರೆಯಿತು. ರನ್ನನು ಕನ್ನಡದಲ್ಲಿ ಹಾಡಿದ ಗದಾಯುದ್ಧವೂ ತೊಡೆಯ ಮೇಲಿನ ಪೆಟ್ಟಿನಲ್ಲಿಯೇ ಮುಗಿಯಿತು. ಕೊನೆಗೆ ತಂದೆಯ ವಧೆಯನ್ನೂ ಒಡೆಯನ ಪತನವನ್ನೂ ನೆನೆದ ಅಶ್ವತ್ಥಾಮನು ನಿದ್ರಿಸುತ್ತಿದ್ದ ಪಾಳೆಯವನ್ನು ಹೊಕ್ಕು ಕೈಗೆ ಸಿಕ್ಕಿದವರನ್ನೆಲ್ಲ ಕೊಂದನು. ಪ್ರತಿಯೊಂದು ಅಧರ್ಮವೂ ಹಿಂದಿನ ಅಧರ್ಮವನ್ನು ತನಗೆ ಜಾಮೀನಾಗಿ ಕೊಟ್ಟು ನಡೆಯಿತು. ಗೆದ್ದ ಪಾಂಡವರು ತಮ್ಮ ಮಕ್ಕಳನ್ನು ಕಳೆದುಕೊಂಡದ್ದು ಗೆಲವಾದ ಮೇಲಿನ ರಾತ್ರಿ. ಕಟ್ಟಳೆಯನ್ನು ಮುರಿದವರಿಗೆ ಅದರಿಂದ ಬಂದ ಲಾಭ ಒಂದು ದಿನದ್ದು. ನಷ್ಟ ಒಂದು ಪೀಳಿಗೆಯದು.

ಇದು ಕವಿಯ ಮಾತು, ರಾಜಕಾರಣಿಯ ಮಾತಲ್ಲವೆಂದು ಯಾರಾದರೂ ಹೇಳಿದರೆ, ಕೌಟಿಲ್ಯನನ್ನು ಕೇಳಬಹುದು. ವಿಷಪ್ರಯೋಗ, ಗೂಢಚಾರರು, ಭೇದೋಪಾಯ ಇವುಗಳಲ್ಲಿ ಯಾವುದಕ್ಕೂ ಹಿಂಜರಿಯದ ಆ ಗ್ರಂಥಕರ್ತನು ಶತ್ರುವಿನ ಕೋಟೆಯನ್ನು ಹಿಡಿಯುವ ಪ್ರಕರಣದಲ್ಲಿ, ಕೆಳಗೆ ಬಿದ್ದವರಿಗೂ, ಬೆನ್ನು ತೋರಿದವರಿಗೂ, ಶರಣಾದವರಿಗೂ, ಶಸ್ತ್ರವನ್ನು ಬಿಟ್ಟವರಿಗೂ ಅಭಯ ಕೊಡಬೇಕೆಂದು ವಿಧಿಸುತ್ತಾನೆ. ಗೆದ್ದ ನಾಡಿನ ಪ್ರಜೆಗಳನ್ನು ಒಲಿಸಿಕೊಳ್ಳುವ ಬಗೆಯನ್ನು ಅದರ ಮುಂದಿನ ಅಧ್ಯಾಯದಲ್ಲಿಯೇ ವಿವರಿಸುತ್ತಾನೆ. ಅವನನ್ನು ಮೃದುಹೃದಯನೆಂದು ಯಾರೂ ದೂರಲಾರರು. ಅಭಯದಿಂದ ಕೆಲಸವಾಗುತ್ತದೆಂದು ಅವನಿಗೆ ತಿಳಿದಿದ್ದಿತು.

ಹೇಗೆ ಕೆಲಸವಾಗುತ್ತದೆ? ನಮ್ಮ ನಾಡಿನ ಚರಿತ್ರೆಗೆ ಸೇರಿದ ಒಂದು ನಿದರ್ಶನವನ್ನು ನೋಡೋಣ. 1799ನೆಯ ಇಸವಿ ಮೇ 4ನೆಯ ತಾರೀಖು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಆ ರಾತ್ರಿಯೆಲ್ಲ ಗೆದ್ದ ಸೈನ್ಯವು ಪಟ್ಟಣವನ್ನು ಸೂರೆಮಾಡಿತು. ಮರುದಿನ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಸೂರೆಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಚಾವಟಿಯ ಏಟು ಹಾಕಿಸಿ, ಶಾಂತಿಯನ್ನು ಸ್ಥಾಪಿಸಿದನು. ಇದೇ ಮನುಷ್ಯನು ಮುಂದೆ ವೆಲ್ಲಿಂಗ್ಟನ್ ಎಂಬ ಬಿರುದನ್ನು ಪಡೆದು ಸ್ಪೇಯಿನ್ ದೇಶದಲ್ಲಿ ಫ್ರೆಂಚರೊಡನೆ ಕಾದಿದನು. ಅಲ್ಲಿ ಫ್ರೆಂಚ್ ಸೈನ್ಯವು ಊರೂರಿನಿಂದ ಬಲಾತ್ಕಾರವಾಗಿ ದವಸ ದನಗಳನ್ನು ಕಿತ್ತುಕೊಂಡು ಹೊಟ್ಟೆ ಹೊರೆಯುತ್ತಿದ್ದಿತು. ಅದರ ಫಲವಾಗಿ ರೈತರು ಬಂದೂಕು ಹಿಡಿದು ಬೆಟ್ಟ ಸೇರಿದರು. ಒಂದು ಓಲೆಯನ್ನು ಊರಿಂದೂರಿಗೆ ಸಾಗಿಸಬೇಕಾದರೂ ಫ್ರೆಂಚರಿಗೆ ಕಾವಲುದಂಡು ಬೇಕಾಯಿತು. ಇದನ್ನು ಕಣ್ಣಾರೆ ಕಂಡ ವೆಲ್ಲಿಂಗ್ಟನ್ 1813ರ ಕೊನೆಯಲ್ಲಿ ಫ್ರಾನ್ಸಿನ ಗಡಿಯನ್ನು ದಾಟಿದಾಗ, ಸೂರೆಗೆ ತೊಡಗಿದ ತನ್ನ ಮಿತ್ರರಾದ ಸ್ಪೇಯಿನ್ ದೇಶದ ಪಡೆಗಳಲ್ಲಿ ಬಹುಭಾಗವನ್ನು ಹಿಂದಕ್ಕೆ ಕಳುಹಿಸಿಬಿಟ್ಟನು. ಶತ್ರುವಿನ ನೆಲದಲ್ಲಿ ನಿಂತು, ಕೈಯಲ್ಲಿದ್ದ ಬಲವನ್ನು ತಾನೇ ಕಡಮೆ ಮಾಡಿಕೊಂಡನು. ತೆಗೆದುಕೊಂಡ ಸಾಮಗ್ರಿಗೆ ಹಣ ಕೊಡಿಸಿದನು. ಬೆನ್ನ ಹಿಂದೆ ಹಗೆಯ ನಾಡನ್ನು ಬಿಟ್ಟು ಮುಂದಕ್ಕೆ ಹೋಗುವುದಕ್ಕಿಂತ ಚಿಕ್ಕ ಸೈನ್ಯವೇ ಮೇಲೆಂದು ಅವನ ಎಣಿಕೆ. ಆ ಎಣಿಕೆ ಸುಳ್ಳಾಗಲಿಲ್ಲ.

ಇನ್ನು ಗಾಯಾಳುಗಳ ವಿಷಯ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋ ಎಂಬಲ್ಲಿ ಫ್ರಾನ್ಸ್ ಸಾರ್ಡೀನಿಯಗಳ ಸೈನ್ಯಕ್ಕೂ ಆಸ್ಟ್ರಿಯದ ಸೈನ್ಯಕ್ಕೂ ಘೋರಯುದ್ಧವಾಯಿತು. ಸಾವಿರಾರು ಗಾಯಾಳುಗಳು ನೀರೂ ಔಷಧವೂ ಇಲ್ಲದೆ ಬಯಲಲ್ಲಿ ನರಳುತ್ತಿದ್ದುದನ್ನು ಜಿನೀವದ ವರ್ತಕನಾದ ಆನ್ರಿ ದ್ಯುನಾನ್ ಕಂಡು, 1862ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಎರಡೇ ವರ್ಷಗಳಲ್ಲಿ, 1864ರ ಆಗಸ್ಟ್ 22ರಂದು, 12 ರಾಷ್ಟ್ರಗಳು ಜಿನೀವದ ಒಪ್ಪಂದಕ್ಕೆ ಸಹಿ ಹಾಕಿದುವು. ಕೆಂಪು ಶಿಲುಬೆಯ ಗುರುತನ್ನು ಧರಿಸಿದ ವೈದ್ಯರನ್ನೂ ಶುಶ್ರೂಷಕರನ್ನೂ ಯಾರೂ ಹೊಡೆಯಬಾರದು, ಗಾಯಾಳುವು ಯಾವ ಪಕ್ಷದವನಾದರೂ ಆರೈಕೆ ಮಾಡಬೇಕು ಎಂದು ಅದರ ಸಾರಾಂಶ. ಅಷ್ಟು ಬೇಗನೆ ದೊರೆಗಳ ಮನಸ್ಸು ಕರಗಿದ್ದು ಹೇಗೆ? ಪುಸ್ತಕದ ಶಕ್ತಿ ದೊಡ್ಡದೇ. ಆದರೆ ಮತ್ತೊಂದು ಕಾರಣವೂ ಉಂಟು. ನಾಳೆಯ ಕಾಳಗದಲ್ಲಿ ತನ್ನ ಗಾಯಾಳುಗಳು ರಣಭೂಮಿಯ ಯಾವ ಭಾಗದಲ್ಲಿ ಬಿದ್ದಿರುವರೋ ಯಾವ ದೊರೆಗೂ ಮೊದಲೇ ತಿಳಿಯದು. ಶತ್ರುವಿನ ಸೈನಿಕನಿಗೆ ನೀರು ಕೊಡುವೆನೆಂದು ಮಾತು ಕೊಟ್ಟವನು ತನ್ನ ಸೈನಿಕನಿಗೆ ನೀರನ್ನು ಸಂಪಾದಿಸಿಕೊಂಡ ಹಾಗಾಯಿತು.

ಇದೇ ಸುಮಾರಿನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಿತು. ಫ್ರಾನ್ಸಿಸ್ ಲೀಬರ್ ಎಂಬ ಕಾಲೇಜು ಅಧ್ಯಾಪಕನು ಬರೆದುಕೊಟ್ಟ 157 ವಿಧಿಗಳ ಸಂಹಿತೆಯೊಂದು 1863ರ ಏಪ್ರಿಲ್ 24ರಂದು ಉತ್ತರದ ಸೈನ್ಯಕ್ಕೆ ಆಜ್ಞೆಯಾಗಿ ಪ್ರಕಟವಾಯಿತು. ಲೀಬರನು ಬರಿಯ ಪುಸ್ತಕಪಂಡಿತನಲ್ಲ. ತರುಣನಾಗಿದ್ದಾಗ 1815ರಲ್ಲಿ ನೆಪೋಲಿಯನ್ನನ ವಿರುದ್ಧ ಕಾದಿ ಗಾಯಗೊಂಡವನು. ಅವನ ಮಕ್ಕಳು ಅಂತರ್ಯುದ್ಧದಲ್ಲಿ ಎರಡು ಪಕ್ಷಗಳಲ್ಲಿಯೂ ಇದ್ದರು. ದಕ್ಷಿಣದ ಪಕ್ಷ ಸೇರಿದ್ದವನು 1862ರಲ್ಲಿ ಮಡಿದನು. ಅವನ ಸಂಹಿತೆಯು ಸೈನಿಕ ಅಗತ್ಯವೆಂಬುದನ್ನು ಧಾರಾಳವಾಗಿಯೇ ಒಪ್ಪಿಕೊಳ್ಳುತ್ತದೆ. ಆದರೆ ಶಾಂತಿಯು ಮರಳಿ ಬರುವುದನ್ನು ವ್ಯರ್ಥವಾಗಿ ಕಷ್ಟಗೊಳಿಸುವ ಯಾವ ಕೃತ್ಯವೂ ಅಗತ್ಯವೆನಿಸಲಾರದೆಂದು ಮೇರೆಯನ್ನು ಹಾಕುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಎಂಬ ನಮ್ಮ ಗಾದೆಯ ತಾತ್ಪರ್ಯವೂ ಅದೇ. ಯುದ್ಧ ಮುಗಿದ ಮೇಲೆ ಒಟ್ಟಿಗೆ ಬಾಳಬೇಕಾದವರು ಅದನ್ನು ಮರೆಯುವಂತಿಲ್ಲ.

ಆದರೆ ಕಟ್ಟಳೆಯ ಉಪಯೋಗವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಶರಣಾಗತಿಯ ವಿಷಯದಲ್ಲಿ. ಶರಣಾದರೂ ಸಾವು, ಕಾದಿದರೂ ಸಾವು ಎಂದು ಗೊತ್ತಾದ ಸೈನಿಕನು ಏನು ಮಾಡುವನು? ಕಡೆಯ ಗುಂಡಿನವರೆಗೂ ಕಾದುವನು. ಅವನನ್ನು ಆ ಸ್ಥಿತಿಗೆ ತಂದ ಸೇನಾಪತಿಯು ತನ್ನ ಸೈನಿಕರ ರಕ್ತದಿಂದಲೇ ಅದರ ಬೆಲೆಯನ್ನು ತೆರಬೇಕು. ಇದಕ್ಕೆ ಜರ್ಮನರ ಕಡತದಲ್ಲಿಯೇ ಸಾಕ್ಷ್ಯವಿದೆ. 1941ರ ಜೂನ್ 6ರಂದು, ರಷ್ಯದ ಮೇಲೆ ದಂಡೆತ್ತಿ ಹೋಗುವುದಕ್ಕೆ ಸ್ವಲ್ಪ ಮುಂಚೆ, ಸೋವಿಯೆಟ್ ಸೈನ್ಯದ ರಾಜಕೀಯಾಧಿಕಾರಿಗಳು ಸೆರೆಸಿಕ್ಕರೆ ಅಲ್ಲಿಯೇ ಕೊಂದುಬಿಡಬೇಕೆಂದು ಜರ್ಮನ್ ಪ್ರಧಾನ ದಂಡಿನಿಂದ ಆಜ್ಞೆ ಹೊರಟಿತು. ಒಂದು ವರ್ಷ ತುಂಬುವುದಕ್ಕೆ ಮುಂಚೆಯೇ, 1942ರ ಮೇ ತಿಂಗಳಲ್ಲಿ, ಆ ಆಜ್ಞೆಯನ್ನು ತಡೆಹಿಡಿಯಬೇಕಾಯಿತು. ಹಿಟ್ಲರನ ಮನಸ್ಸಿನಲ್ಲಿ ದಯೆ ಮೂಡಿತೆಂದು ಯಾರೂ ತಿಳಿಯಬೇಕಾಗಿಲ್ಲ. ಆ ಆಜ್ಞೆಯಿಂದಾಗಿ ಸುತ್ತುವರಿಯಲ್ಪಟ್ಟ ರಷ್ಯನರು ಶರಣಾಗದೆ ಸಾಯುವ ತನಕ ಹೋರಾಡುತ್ತಿದ್ದಾರೆಂದು ರಣರಂಗದಲ್ಲಿದ್ದ ಜರ್ಮನ್ ಸೇನಾಪತಿಗಳೇ ದೂರಿಕೊಂಡಿದ್ದರು.

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಒಂದು ನಿದರ್ಶನವನ್ನು ಇಡೋಣ. 1971ರ ಡಿಸೆಂಬರಿನಲ್ಲಿ ಪೂರ್ವಬಂಗಾಳದ ಯುದ್ಧ ನಡೆಯುತ್ತಿದ್ದಾಗ ಸೇನಾಧಿಪತಿ ಮಾಣೆಕ್‌ಷಾ ಅವರು ಆಕಾಶವಾಣಿಯ ಮೂಲಕ ಪಾಕಿಸ್ತಾನದ ಸೈನಿಕರನ್ನೇ ಉದ್ದೇಶಿಸಿ ಸಂದೇಶಗಳನ್ನು ಕೊಟ್ಟರು. ಶಸ್ತ್ರವನ್ನಿಟ್ಟವರನ್ನು ಜಿನೀವ ಒಪ್ಪಂದದಂತೆ ಗೌರವದಿಂದ ನಡೆಯಿಸಿಕೊಳ್ಳಲಾಗುವುದೆಂದು ಅಭಯವಿತ್ತರು. ಹಿಂದಿನ ಕಾಲದ ಮಾತಿನಲ್ಲಿ ಹೇಳುವುದಾದರೆ ಕೌಲು ಕೊಟ್ಟರು. ಡಿಸೆಂಬರ್ 16ರಂದು ಢಾಕಾದಲ್ಲಿ ಸಹಿಯಾದ ಶರಣಾಗತಿ ಪತ್ರದಲ್ಲಿಯೂ ಆ ವಚನವನ್ನು ಬರೆಯಲಾಯಿತು. ಯುದ್ಧ ಆರಂಭವಾದ 13 ದಿನಗಳಲ್ಲಿ ಸುಮಾರು 93,000 ಮಂದಿ ಸೆರೆಯಾಳುಗಳಾದರು. ಗೆಲವಿಗೆ ರಣತಂತ್ರವೇ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಢಾಕಾ ನಗರದ ಬೀದಿಬೀದಿಗಳಲ್ಲಿ, ಮನೆಮನೆಗಳಲ್ಲಿ ಕಾಳಗವಾಗದೆ ಉಳಿದುದಕ್ಕೆ, ಸೋತವನು ನಂಬಬಹುದಾದ ಒಂದು ಮಾತು ಎದುರಿಗಿದ್ದುದೂ ಕಾರಣವಲ್ಲವೆ? ಆ ಮಾತು ನಡೆಯಿತು. 1974ರ ಏಪ್ರಿಲ್ ಹೊತ್ತಿಗೆ ಸೆರೆಯಾಳುಗಳು ಸ್ವದೇಶಕ್ಕೆ ಹಿಂದಿರುಗಿದ್ದರು. ಕೌಲಿನ ಬೆಲೆಯು ಅದನ್ನು ಕೊಟ್ಟವನ ಹಿಂದಿನ ನಡತೆಯಲ್ಲಿರುತ್ತದೆ. ಅದನ್ನು ಯುದ್ಧದ ದಿನ ಹೊಸದಾಗಿ ತಯಾರಿಸಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಎಲ್ಲ ಕಟ್ಟಳೆಗಳೂ ಹೀಗೆ ಫಲ ಕೊಟ್ಟಿವೆಯೆ? ಇಲ್ಲ. 1139ರಲ್ಲಿ ರೋಮಿನಲ್ಲಿ ಸೇರಿದ ಕ್ರೈಸ್ತ ಧರ್ಮಸಭೆಯು ಕ್ರೈಸ್ತರು ಕ್ರೈಸ್ತರ ಮೇಲೆ ಅಡ್ಡಬಿಲ್ಲನ್ನು ಬಳಸಬಾರದೆಂದು ನಿಷೇಧಿಸಿತು. ಬಿಲ್ಲು ಬಲವಾಗಿದ್ದಿತು, ನಿಷೇಧ ಬಲವಾಗಿರಲಿಲ್ಲ. ಯೂರೋಪಿನ ದೊರೆಗಳೆಲ್ಲರೂ ಅದನ್ನು ಬಳಸುತ್ತಲೇ ಹೋದರು. 1936ರಲ್ಲಿ ಲಂಡನ್ನಿನಲ್ಲಿ ಒಪ್ಪಿದ ನಿಯಮವೊಂದರ ಪ್ರಕಾರ, ಜಲಾಂತರ್ಗಾಮಿ ನೌಕೆಯು ವ್ಯಾಪಾರದ ಹಡಗನ್ನು ಮುಳುಗಿಸುವ ಮುಂಚೆ ಅದರಲ್ಲಿರುವ ಜನರನ್ನು ಸುರಕ್ಷಿತವಾದ ಸ್ಥಳಕ್ಕೆ ಸೇರಿಸಬೇಕಾಗಿದ್ದಿತು. ನೀರಿನ ಮೇಲೆ ಬಂದರೆ ಆ ನೌಕೆಗೆ ರಕ್ಷಣೆಯಿಲ್ಲ; ಅಷ್ಟು ಜನರನ್ನು ಹತ್ತಿಸಿಕೊಳ್ಳಲು ಒಳಗೆ ಜಾಗವೂ ಇಲ್ಲ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧವನ್ನು ಸಾರಿದ ದಿನವೇ ಅಥೀನಿಯ ಎಂಬ ಪ್ರಯಾಣಿಕರ ಹಡಗನ್ನು ಜರ್ಮನ್ ನೌಕೆಯೊಂದು ಮುಳುಗಿಸಿತು. 1941ರ ಡಿಸೆಂಬರಿನಲ್ಲಿ ಯುದ್ಧಕ್ಕಿಳಿದ ಅಮೆರಿಕನ್ನರೂ ಶಾಂತಸಾಗರದಲ್ಲಿ ಮೊದಲ ದಿನದಿಂದಲೇ ಆ ನಿಯಮವನ್ನು ಬದಿಗಿಟ್ಟರು. ಯಾವ ಕಟ್ಟಳೆಯು ಅದನ್ನು ಪಾಲಿಸುವವನಿಗೆ ಕೇವಲ ನಷ್ಟವನ್ನೇ ಕಟ್ಟಿಕೊಡುವುದೋ ಅದು ಕಾಗದದಲ್ಲಿಯೇ ಉಳಿಯುವುದು. ನಿಯಮವನ್ನು ಬರೆಯುವವರು ಸೈನಿಕನ ಕೆಲಸವನ್ನು ಬಲ್ಲವರಾಗಿರಬೇಕೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದಾಗಿದೆ.

ವಿಷವಾಯುವಿನ ಕಥೆ ಇನ್ನೂ ಬೋಧಪ್ರದವಾದುದು. 1915ರ ಏಪ್ರಿಲ್ 22ರಂದು ಈಪ್ರ್ ಎಂಬಲ್ಲಿ ಜರ್ಮನರು ಕ್ಲೋರಿನ್ ವಾಯುವನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೂಸ್ ಎಂಬಲ್ಲಿ ಬ್ರಿಟಿಷರೂ ಅದನ್ನೇ ಬಿಟ್ಟರು. ಗಾಳಿ ತಿರುಗಿ, ಕೆಲವೆಡೆ ಅದು ಅವರ ಸೈನಿಕರ ಮೇಲೆಯೇ ಬಂದಿತು. 1925ರಲ್ಲಿ ಜಿನೀವದಲ್ಲಿ ವಿಷವಾಯುವಿನ ಪ್ರಯೋಗವನ್ನು ನಿಷೇಧಿಸಿದರು. ಆಶ್ಚರ್ಯವೇನೆಂದರೆ, ಎರಡನೆಯ ಮಹಾಯುದ್ಧದಲ್ಲಿ ಉಭಯಪಕ್ಷಗಳ ಉಗ್ರಾಣಗಳಲ್ಲಿಯೂ ವಿಷವಾಯು ತುಂಬಿದ್ದರೂ ಯೂರೋಪಿನ ರಣರಂಗದಲ್ಲಿ ಸೈನ್ಯದ ಮೇಲೆ ಸೈನ್ಯ ಅದನ್ನು ಪ್ರಯೋಗಿಸಲಿಲ್ಲ. ಮುಯ್ಯಿಗೆ ಮುಯ್ಯಿ ತಪ್ಪದೆಂಬ ಭಯವೇ ಕಾವಲು ಕಾಯಿತು.

ಆದರೆ ಈ ಕಾವಲು ಎಲ್ಲಿ ಮಲಗಿಬಿಡುತ್ತದೆ ಎಂಬುದನ್ನೂ ನೋಡಬೇಕು. ಇದೇ ನಿಷೇಧಕ್ಕೆ ಸಹಿ ಹಾಕಿದ್ದ ಇಟಲಿ 1935 ಮತ್ತು 1936ರಲ್ಲಿ ಅಬಿಸೀನಿಯದ, ಎಂದರೆ ಈಗಿನ ಇಥಿಯೋಪಿಯದ, ಜನರ ಮೇಲೆ ವಿಷವನ್ನು ಸುರಿಯಿತು. ಜಪಾನು ಚೀನದ ಮೇಲೆ ಪ್ರಯೋಗಿಸಿತು. 1988ರ ಮಾರ್ಚ್ 16ರಂದು ಇರಾಕಿನ ಸರ್ಕಾರ ತನ್ನದೇ ನೆಲದ ಹಲಬ್ಜ ಪಟ್ಟಣದಲ್ಲಿ ಕುರ್ದ್ ಜನರನ್ನು ಹೀಗೆಯೇ ಕೊಂದಿತು. ಆ ಜನರಲ್ಲಿ ಯಾರಿಗೂ ಮುಯ್ಯಿ ತೀರಿಸುವ ಶಕ್ತಿಯಿರಲಿಲ್ಲ. ಸೆರೆಯಾಳುಗಳ ವಿಷಯದಲ್ಲಿಯೂ ಇದೇ ಭೇದ. ಜರ್ಮನರ ಕೈಗೆ ಸಿಕ್ಕ ಬ್ರಿಟಿಷ್ ಮತ್ತು ಅಮೆರಿಕನ್ ಸೆರೆಯಾಳುಗಳಲ್ಲಿ ನೂರಕ್ಕೆ ಸುಮಾರು 4 ಮಂದಿ ಸತ್ತರು. ಅವರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯೆಟ್ ಸೆರೆಯಾಳುಗಳಲ್ಲಿ ಸುಮಾರು 33 ಲಕ್ಷ ಮಂದಿ ಸತ್ತರೆಂದು ಇತಿಹಾಸಕಾರರ ಗಣನೆ. ಸೆರೆ ಹಿಡಿದವರು ಒಬ್ಬರೇ, ಕಾಲವೂ ಒಂದೇ. ಒಂದು ಕಡೆ ಲೆಕ್ಕಾಚಾರವಾದರೂ ಕೈಯನ್ನು ತಡೆಯಿತು. ಇನ್ನೊಂದು ಕಡೆ, ಎದುರಿನವನು ಮನುಷ್ಯನೇ ಅಲ್ಲವೆಂದು ಬಗೆದವರನ್ನು ಯಾವ ಲೆಕ್ಕವೂ ತಡೆಯಲಿಲ್ಲ. ಅದರಿಂದ ಅವರಿಗೇ ನಷ್ಟವಾಯಿತೆಂಬುದು ನಿಜ. ಆದರೆ ಆ ನಷ್ಟವು ಸತ್ತವರನ್ನು ಉಳಿಸಲಿಲ್ಲ.

ಆದುದರಿಂದ ನಾವು ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಎರಡು ಭಾಗಗಳಾಗಿ ಬರುತ್ತದೆ. ಯುದ್ಧದ ಕಟ್ಟಳೆಗಳು ಉಪಯೋಗಕ್ಕೆ ಬರುವುವೆ ಎಂದರೆ, ಬರುವುವು. ಅವು ಸೈನ್ಯವನ್ನು ಗುಂಪಾಗದಂತೆ ಕಾಯುತ್ತವೆ; ಶತ್ರುವಿಗೆ ಶರಣಾಗುವ ಬಾಗಿಲನ್ನು ತೆರೆದಿಡುತ್ತವೆ; ನಮ್ಮವರಿಗೂ ಅದೇ ಬಾಗಿಲನ್ನು ಉಳಿಸುತ್ತವೆ; ನಾಳೆಯ ಸಂಧಿಗೆ ಸ್ಥಳ ಬಿಡುತ್ತವೆ. ಗೆಲ್ಲಬೇಕೆನ್ನುವ ಸೇನಾಪತಿಯು ಇವುಗಳನ್ನು ತನ್ನ ವಿವೇಕಕ್ಕಾಗಿಯೇ ಪಾಲಿಸಬೇಕು. ಆದರೆ ವಿವೇಕವು ಸಮಬಲರ ನಡುವೆ ಒಳ್ಳೆಯ ಕಾವಲುಗಾರ. ದುರ್ಬಲನು ಎದುರಿಗೆ ಬಂದಾಗ ಅದಕ್ಕೆ ಜೊಂಪು ಹತ್ತುತ್ತದೆ. ಅಂಥ ಹೊತ್ತಿನಲ್ಲಿ ಕಟ್ಟಳೆಯನ್ನು ಎತ್ತಿಹಿಡಿಯಬಲ್ಲದ್ದು ಧರ್ಮಬುದ್ಧಿಯೊಂದೇ. ಕೇವಲ ಧರ್ಮದ ಮೇಲೆ ಕಟ್ಟಿದ ನಿಯಮವು ಅಡ್ಡಬಿಲ್ಲಿನ ನಿಷೇಧದಂತೆ ಗಾಳಿಗೆ ಹಾರುವುದು. ಕೇವಲ ಲಾಭದ ಮೇಲೆ ಕಟ್ಟಿದ ನಿಯಮವು ಅಬಿಸೀನಿಯದ ಗಡಿಯಲ್ಲಿಯೇ ನಿಂತುಬಿಡುವುದು.

1949ರ ಜಿನೀವ ಒಪ್ಪಂದಗಳು ನಾಲ್ಕನ್ನೂ ಇಂದು ಜಗತ್ತಿನ ರಾಷ್ಟ್ರಗಳೆಲ್ಲವೂ ಒಪ್ಪಿವೆ. ಒಪ್ಪಿದುವೆಲ್ಲ ನಡೆದುಕೊಳ್ಳುತ್ತಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಅಷ್ಟರಿಂದ ಅವುಗಳನ್ನು ಹರಿದೊಗೆಯಬೇಕೆಂದು ವಾದಿಸುವವರು, ಕಳ್ಳತನ ನಿಂತಿಲ್ಲವಾದುದರಿಂದ ಬೀಗಗಳನ್ನು ಕಿತ್ತುಹಾಕಬೇಕೆನ್ನುವವರಿಗೆ ಸಮಾನರು. ಈ ವಿಷಯ ದಂಡಿನವರಿಗೆ ಮಾತ್ರ ಸೇರಿದುದೆಂದು ಮನೆಯಲ್ಲಿ ಕುಳಿತು ಕೇಳುತ್ತಿರುವ ನಾವು ಭಾವಿಸುವುದೂ ಸರಿಯಲ್ಲ. ರಣರಂಗದಲ್ಲಿ ನಿಂತ ತರುಣನಿಗೆ ಕೈ ಎತ್ತಿ ನಿಂತ ಶತ್ರುವನ್ನು ಕಂಡಾಗ ಲಾಭನಷ್ಟಗಳನ್ನು ಎಣಿಸುವಷ್ಟು ಪುರುಸೊತ್ತು ಇರುವುದಿಲ್ಲ. ಆ ಕ್ಷಣದಲ್ಲಿ ಅವನ ಬೆರಳನ್ನು ತಡೆಯುವುದು, ತಡೆಯದೆ ಬಿಡುವುದು, ಶಾಂತಿಕಾಲದಲ್ಲಿ ಅವನು ತನ್ನ ಮನೆಯಲ್ಲಿ, ಪಾಠಶಾಲೆಯಲ್ಲಿ, ಪತ್ರಿಕೆಗಳಲ್ಲಿ ಶತ್ರುವನ್ನು ಕುರಿತು ಕೇಳಿದ ಮಾತುಗಳು. ಆ ಮಾತುಗಳನ್ನು ಆಡುವವರು ನಾವು.